ನಮ್ಮ ಕೊಳ, ಬೀದಿಯವರ ಸೊಳ್ಳೆ

ನಮ್ಮನೆ ಮುಂದೆ ಆ ಕೊಳ ಇರೋವರೆಗೂ ನಮ್ಮ ರೋಡ್‌ನೋರಿಗೆ ಸೀರಿಯಲ್ ನೋಡೋ ಕರ್ಮ ಇಲ್ಲ. ಒಂದು ಎಪಿಸೋಡ್ ಮುಗಿಯೋದ್ರೊಳಗೆ ಇನ್ನೊಂದು ಶುರು ಆಗಿರುತ್ತೆ. ನಾನು ಜಾಸ್ತಿ ಮಾತಾಡೋಳಲ್ಲ. ಯಾರಾದ್ರೂ ಬೆಲ್ ಮಾಡಿದ್ರೆ ಪುಸ್ತಕ ತಗೊಂಡು ಟೆರೇಸಿಗೆ ಓಡೋ ಜಾತಿ. ಅದಕ್ಕೇ ಇದನ್ನೆಲ್ಲಾ ಇಷ್ಟು ದಿನ ಯಾರಿಗೂ ಹೇಳಿರ್ಲಿಲ್ಲ.

ನಮ್ಮ ಮಲ್ಲತ್ತಹಳ್ಳಿ ಸಿಟಿಗೆ ಸೇರೋ ಮುಂಚೆ, ನಿಜವಾಗ್ಲೂ ಹಳ್ಳಿ ಆಗಿದ್ದಾಗ, ಅಲ್ಲಿ ನಮ್ಮ ಹಸುಗಳ ಕಲಗಚ್ಚಿನ ತೊಟ್ಟಿ ಇತ್ತಂತೆ. ಹಸು ಹೋದ್ವು, ತೊಟ್ಟಿ ಉಳೀತು. ಅಜ್ಜಿ ಅದನ್ನ ಅಗಲ ಮಾಡಿಸಿ, ಕೆಸರು ಹಾಕಿ, ತಾವರೆ ಬಿಟ್ರು. ಈಗ ಡಬಲ್ ಕಾಟ್ ಮಂಚದಷ್ಟಿದೆ. ದಿನಾ ಬೆಳಿಗ್ಗೆ ಅಜ್ಜಿ ಮೊದಲು ಅದನ್ನ ಮಾತಾಡಿಸ್ತಾರೆ, ಆಮೇಲೆ ನಮ್ಮನ್ನ.

ನಮ್ಮ ಪಕ್ಕದ ಮನೆಯೋರು ಲೇಔಟ್ ಅಸೋಸಿಯೇಷನ್ ಅಧ್ಯಕ್ಷರು. ಮಳೆಗಾಲ ಶುರುವಾಗ್ತಿದ್ದ ಹಾಗೇ ಗೇಟ್ ಹತ್ರ ಬಂದು ನಿಂತ್ರು.

"ಅಜ್ಜಿ, ಇಡೀ ರೋಡಿಗೆ ಸೊಳ್ಳೆ ಸಪ್ಲೈ ಆಗ್ತಿರೋದು ನಿಮ್ಮ ಕೊಳದಿಂದಾನೇ. ಮುಚ್ಚಿಸಿ, ಟೈಲ್ಸ್ ಹಾಕ್ಸಿ."

ಟೈಲ್ಸ್ ಹಾಕ್ಸಿದ್ರೆ ಗೇಟಿಂದ ಬಾಗಿಲವರೆಗೆ ಒಂದು ಕಾರು ಆರಾಮಾಗಿ ನಿಲ್ಲುತ್ತೆ. ನಮಗೆ ಕಾರಿಲ್ಲ. ಅವರಿಗೆ ಎರಡಿದೆ, ನಿಲ್ಸೋಕೆ ಜಾಗ ಇರೋದು ಒಂದಕ್ಕೆ.

ಅಜ್ಜಿ ಸೊಂಟದ ಮೇಲೆ ಕೈ ಇಟ್ಕೊಂಡ್ರು. "ನನ್ನ ಮೊಮ್ಮಗಳು ಓದ್ಕೊಂಡವ್ಳೆ ಕಣಪ್ಪ. ಹುಳದ ಕೈಲೇ ಹುಳ ತಿನ್ನಿಸ್ತಾಳೆ. ಕೊಳದಾಗೆ ಒಂದೇ ಒಂದು ಸೊಳ್ಳೆ ಮರಿ ತೋರ್ಸು, ನಾನೇ ಮಣ್ಣು ಹಾಕಿ ಮುಚ್ತೀನಿ."

"ಮಾತು ಮಾತೇ ತಾನೇ?"

"ಮಾತೇ."

ಮಾತು ಕೊಟ್ಟಿದ್ದು ಅಜ್ಜಿ. ಸಿಕ್ಕಾಕೊಂಡಿದ್ದು ನಾನು.

ಗುಲಗಂಜಿ ಹುಳ

ಸೊಳ್ಳೆ ವಿಷಯದಲ್ಲಿ ನನಗೆ ಅಷ್ಟು ಭಯ ಇರ್ಲಿಲ್ಲ. ಹೆಲಿಕಾಪ್ಟರ್ ಚಿಟ್ಟೆಗಳು ಆಗ್ಲೇ ಬಂದು ಕೊಳದಲ್ಲಿ ಮೊಟ್ಟೆ ಇಟ್ಟು ಹೋಗಿದ್ವು. ಅದರ ಮರಿಗಳು ನೀರಲ್ಲೇ ಬೆಳೆಯೋದು. ಸೊಳ್ಳೆ ಮರಿ ಅಂದ್ರೆ ಅವಕ್ಕೆ ಪಾನಿಪೂರಿ ಇದ್ದ ಹಾಗೆ. ತೊಂದರೆ ಇದ್ದಿದ್ದು ತಾವರೆ ಎಲೆಗೆ. ಎಲೆ ತುಂಬಾ ಹೇನು, ತಲೆದಲ್ಲ, ಗಿಡದ ರಸ ಹೀರೋ ಸಸ್ಯಹೇನು. ಎಲೆ ಕೊಳೆತು ನೀರಿಗೆ ಬಿದ್ದು ವಾಸನೆ ಬಂದ್ರೆ ಅಧ್ಯಕ್ಷರಿಗೆ ಅದೂ ಒಂದು ನೆಪ.

ಮೂಲೆ ಖಾಲಿ ಸೈಟಲ್ಲಿ ಎಕ್ಕದ ಗಿಡಗಳಿವೆ. ಅದರ ಮೇಲೆ ಗುಲಗಂಜಿ ಹುಳ, ಅದೇ ಕೆಂಪಗೆ ಕಪ್ಪು ಚುಕ್ಕೆ ಇರುತ್ತಲ್ಲ, ಅವು ಬೇಕಾದಷ್ಟು. ಹೇನು ಅಂದ್ರೆ ಪ್ರಾಣ ಅವಕ್ಕೆ. ನಾನು ನನ್ನ ಜಾಮಿಟ್ರಿ ಬಾಕ್ಸ್ ಖಾಲಿ ಮಾಡಿ ಅದರಲ್ಲಿ ತುಂಬಿಸ್ಕೊಂಡು ಬಂದು ಎಲೆ ಮೇಲೆ ಬಿಟ್ಟೆ. ಅವು ಸಾಲಾಗಿ ಊಟಕ್ಕೆ ಕೂತ್ವು. ನನಗೆ ಮದುವೆ ಮನೆಯಲ್ಲಿ ಬಡಿಸ್ತಿರೋಷ್ಟು ಖುಷಿ.

ಸಾಯಂಕಾಲ ಟ್ಯೂಷನ್ ಮುಗಿಸಿ ಬಂದ್ರೆ ಎದುರುಮನೆ ಆಂಟಿ ಗೇಟಲ್ಲೇ ಕಾಯ್ತಾ ಇದಾರೆ. ಕೈಯಲ್ಲಿ ಜಿರಲೆ ಸ್ಪ್ರೇ.

"ಪುಟ್ಟಿ, ನಿಮ್ಮ ಎಲೆ ಮೇಲೆ ಏನೇನೋ ಕೆಂಪು ಹುಳ ಕೂತಿದ್ವು ಕಣೇ. ನೋಡೋಕಾಗ್ಲಿಲ್ಲ. ಗೇಟ್ ಸಂದಿಯಿಂದ ಕೈ ಹಾಕಿ ನಾನೇ ಹೊಡೆದುಬಿಟ್ಟೆ. ಥ್ಯಾಂಕ್ಸ್ ಎಲ್ಲಾ ಹೇಳ್ಬೇಡ, ಅಕ್ಕಪಕ್ಕದೋರು ಅಂದ್ಮೇಲೆ ಇಷ್ಟೂ ಮಾಡದಿದ್ರೆ ಹೇಗೆ?"

ನೋಡಿದ್ರೆ ಗುಲಗಂಜಿ ಹುಳ ಎಲ್ಲಾ ಅಂಗಾತ. ಎಲೆ ಕೆಳಗಿದ್ದ ಹೇನುಗಳಿಗೆ ಒಂದು ಹನಿಯೂ ತಾಗಿರ್ಲಿಲ್ಲ. ಹೇನುಗಳೇ ಆಂಟಿಗೆ ಥ್ಯಾಂಕ್ಸ್ ಹೇಳಿರ್ಬೇಕು.

ಮೀನು

ಇನ್ನೊಂದು ಜಾಮಿಟ್ರಿ ಬಾಕ್ಸ್ ತುಂಬಾ ಗುಲಗಂಜಿ ತಂದು ಎಲೆ ಸರಿ ಮಾಡ್ದೆ. ಅಷ್ಟರಲ್ಲಿ ಅದೇ ಆಂಟಿ ಒಂದು ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಬಂದ್ರು. ಅವರ ಮಗಳ ಮದುವೆ ಎಲ್ಲೂ ಕುದುರ್ತಾ ಇರ್ಲಿಲ್ಲ. ಜೋಯಿಸರು ಜೀವಂತ ಮೀನು ನೀರಿಗೆ ಬಿಡಿ ಅಂದಿದ್ರಂತೆ.

"ಕೆರೆ ಇಲ್ಲೇ ಇದೆಯಲ್ಲಮ್ಮ?" ಅಂದ್ರು ಅಜ್ಜಿ.

"ಅಯ್ಯೋ, ಅಷ್ಟು ದೂರ ಯಾರು ನಡೀತಾರೆ ಅಜ್ಜಿ? ದೇವರಿಗೆ ಯಾವ ನೀರಾದ್ರೇನು!" ಅಂತ ಹೇಳ್ತಾನೇ ಕವರ್ ಬಗ್ಗಿಸಿಬಿಟ್ರು.

ಅವು ಸಾಮಾನ್ಯ ಮೀನಲ್ಲ. ಮಾರನೇ ದಿನಾನೇ ನನ್ನ ಹೆಲಿಕಾಪ್ಟರ್ ಮರಿಗಳನ್ನ ತಿನ್ನೋಕೆ ಶುರು ಮಾಡಿದ್ವು. ಬಕೆಟ್ ತಗೊಂಡು ಹಿಡಿಯೋಣ ಅಂತ ಹೋದ್ರೆ ಆಂಟಿ ಬಾಲ್ಕನಿಯಿಂದ ಕೂಗಿದ್ರು: "ಮುಟ್ಬೇಡ್ವೇ! ಹುಡುಗನ ಕಡೆಯೋರು ಭಾನುವಾರ ಬರ್ತಾ ಇದಾರೆ!"

ಹುಡುಗನ ಕಡೆಯೋರಿಗಿಂತ ಮುಂಚೆ ಕೆರೆ ಕಡೆಯಿಂದ ಕೊಕ್ಕರೆ ಬಂತು. ಕೊಳದ ಅಂಚಲ್ಲಿ ನಿಂತ್ಕೊಂಡು ಒಂದೊಂದೇ ಮೀನನ್ನ ನಿಧಾನಕ್ಕೆ ನುಂಗ್ತು. ಆಂಟಿ ಓಡಿ ಬಂದು ಎದೆ ಬಡ್ಕೊಂಡ್ರು.

"ಹೋಯ್ತು! ನನ್ನ ಮಗಳ ಜೀವನ ಹೋಯ್ತು!"

ಅಜ್ಜಿ ಒಂಚೂರೂ ಗಾಬರಿ ಆಗ್ಲಿಲ್ಲ. "ಯಾಕಮ್ಮ ಅಳ್ತೀಯ? ಕೊಟ್ಟಿದ್ದು ದೇವರಿಗೆ ತಾನೇ? ತಗೊಂಡೋಗಕ್ಕೆ ಆಳು ಕಳ್ಸವ್ನೆ."

ಆ ಭಾನುವಾರ ಸಂಬಂಧ ಕುದುರಿಬಿಡ್ತು. ಅವತ್ತಿಂದ ಆಂಟಿ ಎಲ್ಲಿ ಕೊಕ್ಕರೆ ಕಂಡ್ರೂ ಚಪ್ಪಲಿ ಬಿಟ್ಟು ಕೈ ಮುಗೀತಾರೆ. ಚಿಕನ್ ಅಂಗಡಿ ಮೇಲೆ ಕೂತಿದ್ರೂ ಸರಿ.

ಹೊಗೆ

ಇಷ್ಟಾದ್ರೂ ಕೊಳದಲ್ಲಿ ಸೊಳ್ಳೆ ಮರಿ ಸಿಗ್ಲಿಲ್ಲ ಅಂತ ಅಧ್ಯಕ್ಷರಿಗೆ ತಳಮಳ. ಆದ್ರೆ ಒಂದು ಮಾತು ಒಪ್ಕೋಬೇಕು, ರೋಡಲ್ಲಿ ಸೊಳ್ಳೆ ಮಾತ್ರ ವಿಪರೀತ ಇತ್ತು. ನಮ್ಮ ಮನೇಲೂ ಕಚ್ತಿದ್ವು. ಎಲ್ಲಿಂದ ಬರ್ತಿದ್ವೋ ನನಗೂ ಗೊತ್ತಿರ್ಲಿಲ್ಲ.

ಅಧ್ಯಕ್ಷರು 'ಸೊಳ್ಳೆ ಮುಕ್ತ ಬಡಾವಣೆ' ಅಂತ ಒಂದು ಕಾರ್ಯಕ್ರಮ ಇಟ್ರು. ರೋಡಿಗೆ ಅಡ್ಡ ಒಂದು ಫ್ಲೆಕ್ಸ್. ಅದರ ತುಂಬಾ ಅವರದೇ ಮುಖ, ಹಲ್ಲೆಲ್ಲಾ ಕಾಣೋ ನಗು, ಎದೆ ಹತ್ರ ಮುಗಿದ ಕೈ. ಸೊಳ್ಳೆದು ಒಂದು ಚಿತ್ರ ಇತ್ತು, ಮೂಲೇಲಿ, ನಿಜವಾದ ಸೊಳ್ಳೆಯಷ್ಟೇ ದೊಡ್ಡದು. ಕೆಳಗೆ ಸಣ್ಣಕ್ಕೆ 'ನಿಂತ ನೀರು ಬಿಡಬೇಡಿ' ಅಂತಿತ್ತು.

ಹೊಗೆ ಮಷೀನ್ ತಂದಿದ್ರು. ಅಧ್ಯಕ್ಷರು ಬಿಳಿ ಪ್ಯಾಂಟ್ ಹಾಕ್ಕೊಂಡು ಮುಂದೆ, ಮಷೀನ್ ಹಿಂದೆ, ಅದರ ಹಿಂದೆ ವಿಡಿಯೋ ತೆಗೆಯೋ ಹುಡುಗ. ಸೀದಾ ನಮ್ಮ ಕಾಂಪೌಂಡ್ ಒಳಗೆ ನುಗ್ಗಿದ್ರು.

ನೀರೊಳಗಿರೋ ಮರಿಗೆ ಹೊಗೆ ತಾಗಲ್ಲ ಅಂತ ನಾನು ಹೇಳ್ದೆ. ಹೇಳಿದ್ದು ನನಗೆ ಮಾತ್ರ ಕೇಳಿಸ್ತು.

"ಇಲ್ಲಿ ಹೊಡಿ! ಇದೇ ಮೂಲ! ಇನ್ನೂ ಹೊಡಿ!"

ಹೊಗೆ ಎಷ್ಟಾಯ್ತು ಅಂದ್ರೆ ಪಕ್ಕದಲ್ಲಿದ್ದ ಅಜ್ಜಿ ಕೂಡ ಕಾಣ್ಲಿಲ್ಲ. ಅಧ್ಯಕ್ಷರ ದನಿ ಒಂದೇ ಕೇಳ್ತಿತ್ತು: "ಇನ್ನೂ ಒಂಚೂರು ಮುಂದೆ, ಹಾಂ, ಇಲ್ಲಿ, ಇಲ್ಲಿ..." ಆಮೇಲೆ ಛಪಕ್ ಅಂತ ಒಂದು ಸದ್ದು.

ಹೊಗೆ ಇಳಿದಾಗ ಅಧ್ಯಕ್ಷರು ಮಂಡಿವರೆಗೂ ಕೊಳದಲ್ಲಿ ನಿಂತಿದ್ರು. ಭುಜದ ಮೇಲೆ ತಾವರೆ ಎಲೆ. ಬಿಳಿ ಪ್ಯಾಂಟಿನ ಮೇಲೆ ನನ್ನ ಹೆಲಿಕಾಪ್ಟರ್ ಮರಿ ಒಂದು ಹತ್ತುತ್ತಾ ಇತ್ತು.

"ಚೇಳು! ಚೇಳು!" ಅಂತ ಕಿರುಚಿ ಗೇಟ್ ದಾಟಿದ್ರು.

ರಾತ್ರಿ ಅಸೋಸಿಯೇಷನ್ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್: 'ಎಚ್ಚರಿಕೆ! ಅಜ್ಜಿ ಮನೆ ಕೊಳದಲ್ಲಿ ಅಪಾಯಕಾರಿ ನೀರುಚೇಳು. ಸೋಮವಾರ ಹೆಲ್ತ್‌ನೋರಿಂದ ತಪಾಸಣೆ. ಕೊಳ ಮುಚ್ಚಿಸಲಾಗುವುದು.' ಯಾರೂ ಹೆದರಿದ ಹಾಗೆ ಕಾಣ್ಲಿಲ್ಲ. ಕೆಳಗೆ ಒಬ್ಬರು ಕೇಳಿದ್ರು, 'ಮಂಡಿನೋವಿಗೆ ಒಳ್ಳೇದಾ?' ಇನ್ನೊಬ್ಬರು, 'ಕೆಜಿ ಎಷ್ಟು?'

ಸೌಟು

ಸೋಮವಾರ ಬೆಳಿಗ್ಗೆ ಅಜ್ಜಿ ತಿಂಡಿ ತಿನ್ಲಿಲ್ಲ. ಕೊಳದ ಕಟ್ಟೆ ಮೇಲೆ ಸುಮ್ನೆ ಕೂತಿದ್ರು. "ಮಾತು ಕೊಟ್ಬಿಟ್ಟೆ ಕಣವ್ವ," ಅಂದ್ರು ಒಂದೇ ಸಲ. ಮೂರು ದಿನದಿಂದ ಮಳೆ ಬೇರೆ. ಒಂದು ಸೊಳ್ಳೆ ಮರಿ ತಪ್ಪಿಸ್ಕೊಂಡು ಉಳಿದಿದ್ರೂ ಮುಗೀತು.

ಹೆಲ್ತ್ ಮೇಡಂ ಬಂದ್ರು. ಕೈಯಲ್ಲಿ ಟಾರ್ಚ್, ಒಂದು ಸೌಟು, ಬಿಳಿ ಬೋಗುಣಿ. ರೋಡೆಲ್ಲಾ ನಮ್ಮ ಗೇಟಲ್ಲಿ. ಮೇಡಂ ಒಂದು ಸೌಟು ನೀರು ತೆಗೆದು ಬೋಗುಣಿಗೆ ಹಾಕಿ ಟಾರ್ಚ್ ಬಿಟ್ರು.

"ಏನೂ ಇಲ್ಲ."

"ಸರಿಯಾಗಿ ನೋಡಿ ಮೇಡಂ," ಅಂದ್ರು ಅಧ್ಯಕ್ಷರು.

ಇನ್ನೊಂದು ಸೌಟು. ಅದರಲ್ಲಿ ಹೆಲಿಕಾಪ್ಟರ್ ಮರಿ ಬಂತು. ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಹೋದ್ರು. ಮೇಡಂ ನಕ್ಕು, "ಇದಿರೋ ಕಡೆ ಸೊಳ್ಳೆ ಮರಿ ಉಳಿಯಲ್ಲ ಸಾರ್," ಅಂತ ಅದನ್ನ ವಾಪಸ್ ಬಿಟ್ರು.

ಅಧ್ಯಕ್ಷರು ಸೌಟು ಕಿತ್ಕೊಂಡು ತಾವೇ ತೆಗೆದ್ರು. ಪಾಯಸದಲ್ಲಿ ಗೋಡಂಬಿ ಹುಡುಕೋ ಹಾಗೆ ತಳ ಕೆದಕಿದ್ರು. ಏನೂ ಸಿಗ್ಲಿಲ್ಲ. ಸೌಟು ಎತ್ಕೊಂಡೇ ಜನದ ಕಡೆ ತಿರುಗಿದ್ರು.

"ಹಾಗಾದ್ರೆ ಇಷ್ಟೊಂದು ಸೊಳ್ಳೆ ಎಲ್ಲಿ ಹುಟ್ತಾ ಇದೆ? ಹೇಳ್ರಿ! ಯಾರಿಗಾದ್ರೂ ಧೈರ್ಯ ಇದ್ರೆ ಹೇಳ್ರಿ!"

ಅಷ್ಟು ಜನ ಇದ್ರೆ ನನಗೆ ಯಾರ ಮುಖಾನೂ ನೋಡೋಕಾಗಲ್ಲ. ಪಕ್ಕದ ಕಾಂಪೌಂಡ್ ಕಡೆ ಕಣ್ಣು ಹಾಯಿಸ್ದೆ. ಅಧ್ಯಕ್ಷರ ಮನೆ ಮೇಲೆ ಇನ್ನೊಂದು ಫ್ಲೋರ್ ಏಳ್ತಾ ಇದೆ. ಸಿಮೆಂಟ್ ಮೂಟೆ ನೆನೀದೇ ಇರ್ಲಿ ಅಂತ ಮಳೆಗಾಲ ಶುರುವಾದಾಗಿಂದ ಒಂದಲ್ಲ ಒಂದು ಹಳೇ ಫ್ಲೆಕ್ಸ್ ಹೊದಿಸ್ತಾನೇ ಇದ್ರು, ಈಗ ಕಾರ್ಯಕ್ರಮದ್ದನ್ನೇ ಹೊದಿಸಿದ್ರು. ನಮ್ಮ ಕಡೆ ಫ್ಲೆಕ್ಸಿಗೆ ಸಾವಿಲ್ಲ. ಮೂಟೆ ಮೂಟೆ ಮಧ್ಯೆ ಅದು ಜೋತು ಬಿದ್ದು, ಮಳೆ ನೀರು ನಿಂತು, ಒಳ್ಳೇ ಕೊಳಾನೇ ಆಗಿತ್ತು. ಆ ನೀರಲ್ಲಿ ಏನೋ ಕುಣೀತಾ ಇತ್ತು.

"ಅಂಕಲ್," ಅಂದೆ. ಈ ಸಲ ದನಿ ಎಲ್ಲರಿಗೂ ಕೇಳಿಸ್ತು. "ನಿಮ್ಮ ಬಾಯಲ್ಲಿ."

ಅಜ್ಜಿ ನನ್ನ ತೊಡೆ ಚಿವುಟಿದ್ರು. "ಲೇ, ದೊಡ್ಡೋರಿಗೆ ಹಂಗಂತಾರಾ!"

ನಾನು ಬೆರಳು ತೋರ್ಸ್ದೆ. ಎಲ್ಲರೂ ಆ ಕಡೆ ಹೋದ್ರು. ಫ್ಲೆಕ್ಸ್ ತಗ್ಗಾಗಿದ್ದಿದ್ದು ಸರಿಯಾಗಿ ಅಧ್ಯಕ್ಷರ ನಗು ಇದ್ದ ಕಡೆ. ಹಲ್ಲಿನ ಸಾಲಿನ ಮೇಲೆ ಸೊಳ್ಳೆ ಮರಿಗಳು ಕಿಕ್ಕಿರಿದು ಆಡ್ತಿದ್ವು. ಮೇಡಂ ಬಗ್ಗಿ ಟಾರ್ಚ್ ಬಿಟ್ರು.

"ಸಾರ್, ಬಾಯಿ ತುಂಬಾ ಇದೆ. ಫೋಟೋ ಅಪ್‌ಲೋಡ್ ಮಾಡ್ಬೇಕು, ಮನೆಯೋರು ಪಕ್ಕದಲ್ಲಿ ನಿಂತ್ಕೋಬೇಕು."

ಅಧ್ಯಕ್ಷರು ಒಲ್ಲದ ಮನಸ್ಸಲ್ಲೇ ಹೋಗಿ ನಿಂತ್ರು. ಮೇಡಂ ಮೊಬೈಲ್ ಎತ್ತಿದ್ರು ನೋಡಿ, ಪಾಪ, ಎಷ್ಟು ವರ್ಷದ ಅಭ್ಯಾಸವೋ, ಎರಡೂ ಕೈ ತಾನಾಗೇ ಎದೆ ಹತ್ರ ಹೋಯ್ತು, ಹಲ್ಲೆಲ್ಲಾ ಆಚೆ ಬಂತು. ಮೇಲೊಬ್ಬ ಅಧ್ಯಕ್ಷರು, ಕೆಳಗೊಬ್ಬ ಅಧ್ಯಕ್ಷರು, ಅದೇ ನಗು. ಕೆಳಗಿನೋರದ್ದು ಮಾತ್ರ ಮಿಸುಕಾಡ್ತಿತ್ತು.

ಯಾರಿಗೂ ನಗೋ ಧೈರ್ಯ ಇರ್ಲಿಲ್ಲ. ಅಜ್ಜಿ ಕೊಳದ ಹತ್ರ ಹೋಗಿ, ಒಂದು ಚೊಂಬು ನೀರು ಮೊಗೆದು, ಅದರಲ್ಲಿ ಎರಡು ಹೆಲಿಕಾಪ್ಟರ್ ಮರಿ ಇದಾವಾ ಅಂತ ನೋಡ್ಕೊಂಡು, ತಗೊಂಡು ಬಂದು ಅವರ ಮುಂದೆ ಹಿಡಿದ್ರು.

"ತಗಳಪ್ಪ, ನೆರೆಹೊರೆ ಅಂದ್ಮೇಲೆ ಇಷ್ಟೂ ಮಾಡ್ದಿದ್ರೆ ಹೆಂಗೆ? ಬಾಯಿಗೆ ಬಿಟ್ಕೋ."