ಗೋಡೆಗೊಂದು ಕಬ್ಬಿಣದ ಒಲೆ

ವಿಶ್ವವಿದ್ಯಾಲಯದಲ್ಲಿ ಓದಿದ್ದರಿಂದ ನನಗಾದ ಒಂದೇ ಲಾಭವೆಂದರೆ ಯಾವುದನ್ನೂ ಪೂರ್ತಿ ನಂಬದ ಅಭ್ಯಾಸ. ಮೊದಮೊದಲು ದೇವರು, ಪಂಚಾಂಗ, ಪತ್ರಿಕೆಯ ಹವಾಮಾನ ವರದಿ ಇವುಗಳನ್ನಷ್ಟೇ ಅನುಮಾನಿಸುತ್ತಿದ್ದೆ. ಈಗೀಗ ಆ ಅನುಮಾನ ತಿರುಗಿ ನನ್ನ ನೆನಪಿನ ಮೇಲೆಯೇ ಬಿದ್ದಿದೆ. ಎಂಬತ್ತರ ದಶಕದ ಆರಂಭದಲ್ಲಿ ಹೊನ್ನಾಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ, ನಾನೇ ಆರಿಸಿ ತಂದ ಒಲೆಯ ಮುಂದೆ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಕಳೆದ ಚಳಿಗಾಲದಷ್ಟು ಬೆಚ್ಚಗಿನ ಕಾಲ ಮತ್ತೆ ಬರಲಿಲ್ಲ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿರುತ್ತೇನೆ. ಹಾಗೆ ಹೇಳುವಾಗಲೆಲ್ಲ ನನ್ನ ಹೆಂಡತಿ ಗಿರಿಜ ಅಡುಗೆಮನೆಯಿಂದ ಕೆಮ್ಮುತ್ತಾಳೆ. ಅದು ಹೊಗೆಯಿಂದ ಬಂದ ಕೆಮ್ಮಲ್ಲ.

ಆ ಬಾಡಿಗೆ ಮನೆ ಒಬ್ಬ ಅಡಿಕೆ ವ್ಯಾಪಾರಿಯದು. ಅವರು ಎಲ್ಲೋ ಬೆಟ್ಟದೂರಿನ ಬಂಗಲೆಯಲ್ಲಿ ಗೋಡೆಯೊಳಗೆ ಬೆಂಕಿ ಉರಿಯುವುದನ್ನು ಕಂಡು ಮರುಳಾಗಿ, ಮಲಗುವ ಕೋಣೆಯ ಗೋಡೆಯಲ್ಲಿ ದೊಡ್ಡ ಗೂಡು ಬಿಡಿಸಿ, ಮಾಳಿಗೆಯ ಮೇಲೆ ಹೊಗೆಗೂಡನ್ನೂ ಏರಿಸಿದ್ದರು. ಮೊದಲ ಸಲ ಹೊತ್ತಿಸಿದಾಗ ಹೊಗೆಯೆಲ್ಲ ಕೋಣೆಗೆ ಬಂದು ಮನೆಮಂದಿಯೆಲ್ಲ ಬೀದಿಗೆ ಬಂದರಂತೆ. ಅಂದೇ ಹೊಗೆಗೂಡಿನ ಬಾಯಿಗೆ ಕಲ್ಲು ಬಿತ್ತು. ನಾವು ಬಂದ ಮೇಲೆ ಗಿರಿಜ ಅದರಲ್ಲಿ ಉಪ್ಪಿನಕಾಯಿ ಜಾಡಿ ಇಟ್ಟು, "ಗೋಡ್ಯಾಗೆ ಇಷ್ಟು ಜಾಗ ಯಾರ್ ಬಿಡ್ತಾರ್ರೀ?" ಎಂದು ಮನೆಯೊಡೆಯರನ್ನು ಹೊಗಳಿದಳು.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕಿತ್ತು. ಬಸ್ಸಿನ ಕುಲುಕಾಟ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಗಿರಿಜ ಹೊನ್ನಾಳಿಯಲ್ಲೇ ಉಳಿದಳು. ಅವಳ ತವರೂರು ಬಿಳಿಚೋಡಿನಿಂದ ಅತ್ತೆಯವರೇ ಬಂದರು. ಚಳಿಯ ದಿನಗಳಲ್ಲಿ ಮಗಳು ಹುಟ್ಟಿದಳು. ಅತ್ತೆಯವರು ಬಾಣಂತಿ ಕೋಣೆಗೆ ಬಾಣಲೆ ತುಂಬ ಕೆಂಡ ತಂದಿಟ್ಟರು. ತಾಯಿ, ಮಗು ಇಬ್ಬರೂ ಕೆಮ್ಮತೊಡಗಿದರು. ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದೆಂದು ನಾನು ಒಂದು ಉಪನ್ಯಾಸವನ್ನೇ ಕೊಟ್ಟೆ. ಅತ್ತೆಯವರು ಅಳಿಯನೊಂದಿಗೆ ನೇರವಾಗಿ ಮಾತಾಡುವವರಲ್ಲ. ನಾನು ಎದುರಿಗೇ ನಿಂತಿದ್ದರೂ ಮಗಳ ಕಡೆ ತಿರುಗಿ, "ನಿಮ್ಮನೆಯೋರಿಗೆ ಹೇಳು, ಕಾವಿಲ್ದ ಕೋಣ್ಯಾಗೆ ಬಾಣಂತನ ಮಾಡಾಕೆ ಆಗಲ್ಲ. ಹೆಸರಿಟ್ಟ ಮ್ಯಾಲೆ ಬಿಳಿಚೋಡಿಗೆ ಕರ್ಕೊಂಡು ಹೋಗ್ತೀನಿ" ಎಂದರು.

ಹೊಸದಾಗಿ ಅಪ್ಪನಾದವನು ಮಗಳ ಆಕಳಿಕೆ ನೋಡಲು ದಾವಣಗೆರೆಯಲ್ಲಿ ಬಸ್ಸು ಬದಲಿಸಬೇಕೆಂದರೆ ಹೇಗೆ? ಆದರೆ ಹಾಗೆಂದು ಹೇಳಲು ನಾಚಿಕೆ. ಆದ್ದರಿಂದ, "ಅಲ್ಲೂ ಹೊಗೆಯೇ ತಾನೆ? ನನ್ನ ಆಕ್ಷೇಪಣೆ ಹೊಗೆಗೆ ಮಾತ್ರ" ಎಂದು ವೈಜ್ಞಾನಿಕವಾಗಿ ನುಡಿದೆ.

ಗೋಡೆಯ ಗೂಡಿನೊಳಗೆ ತೂರಿಸಿ ಕೂರಿಸುವಂಥ, ಬಾಗಿಲೂ ಕೊಳವೆಯೂ ಉಳ್ಳ ಕಬ್ಬಿಣದ ಸೌದೆ ಒಲೆಯೊಂದನ್ನು ಧಾರವಾಡದಲ್ಲಿ ನಮ್ಮ ಪ್ರೊಫೆಸರರ ಮನೆಯಲ್ಲಿ ಕಂಡಿದ್ದೆ. ಅಥವಾ ಯಾವುದೋ ಕ್ಯಾಲೆಂಡರಿನ ಚಿತ್ರದಲ್ಲಿ ಕಂಡಿದ್ದೆನೋ ಏನೋ. ಪ್ರೊಫೆಸರರ ಮನೆಯಲ್ಲಿ ಚಹಾ ಕುಡಿದದ್ದಂತೂ ನಿಜ. ಅಂತೂ ಒಲೆ ಹುಡುಕುತ್ತ ಹೊರಟೆ. ಚನ್ನಗಿರಿಯಲ್ಲಿ ಡಾಂಬರಿನ ಡ್ರಮ್ಮು ಕತ್ತರಿಸಿ ಮಾಡಿದ ಒಲೆ ತೋರಿಸಿದರು. ಅದನ್ನು ಹೊತ್ತಿಸಿದರೆ ಮಗಳಿಗೆ ರಸ್ತೆ ರಿಪೇರಿಯ ವಾಸನೆಯೇ ತಾಯ್ನೆಲದ ವಾಸನೆಯಾಗುತ್ತಿತ್ತು. ಶಿವಮೊಗ್ಗದ ಎರಕದ ಒಲೆ ಗಟ್ಟಿಮುಟ್ಟಾಗಿತ್ತು. ಆದರೆ ಒಮ್ಮೆ ಕೂರಿಸಿದರೆ ಮನೆಯೊಡೆಯರ ಮೊಮ್ಮಕ್ಕಳ ಕಾಲಕ್ಕೂ ಕದಲುವಂತಿರಲಿಲ್ಲ. ನನ್ನದೋ ಬಾಡಿಗೆ ಮನೆ, ವರ್ಗಾವಣೆಯ ನೌಕರಿ. ಕೊನೆಗೆ ನ್ಯಾಮತಿಯ ವೆಲ್ಡಿಂಗ್ ಅಂಗಡಿಯ ಬಾಷಾ ಸಾಬರ ಮುಂದೆ ನೆನಪಿದ್ದಷ್ಟು ಚಿತ್ರ ಬರೆದೆ.

"ಸಾರ್, ಇದು ಒಲೆನಾ, ತಿಜೋರಿನಾ?"

"ಒಲೆ. ಎರಡೂ ಕಡೆ ಹಿಡಿ ಇರಲಿ. ಹೊರಗೆ ಎಳೆದು ಎತ್ತೋ ಹಾಗಿರಬೇಕು."

"ಒಲೇನ ಯಾರಾದ್ರೂ ಹೊತ್ಕೊಂಡು ಹೋಗ್ತಾರಾ ಸಾರ್?" ಎಂದು ನಕ್ಕರು. ಮುಂದಾಲೋಚನೆ ಎಂಬುದು ಇವರಿಗೆ ಹೇಗೆ ಅರ್ಥವಾಗಬೇಕು ಎಂದುಕೊಂಡೆ.

ಮಗುವಿಗೆ ಹೆಸರಿಡುವ ದಿನ ಬೆಳಿಗ್ಗೆ ಒಲೆ ಗೂಡಿನಲ್ಲಿ ಕೂತಿತು. ಹೊಗೆಗೂಡಿನ ಕಲ್ಲು ಸರಿಸಿ ಕೊಳವೆ ಏರಿಸಿ ಹೊತ್ತಿಸಿದರೆ ಹೊಗೆಯೆಲ್ಲ ಹೇಳಿದಂತೆ ಕೇಳಿಕೊಂಡು ಆಕಾಶಕ್ಕೆ ಹೋಯಿತು. ಕೋಣೆ ಕೌದಿಯೊಳಗಿನಂತೆ ಬೆಚ್ಚಗಾಯಿತು. ಅತ್ತೆಯವರು ಒಲೆಯ ಬಾಗಿಲು ತೆರೆದು ನೋಡಿದರು, ಮುಚ್ಚಿದರು, ಮೇಲೆ ಮಗುವಿನ ಬಟ್ಟೆ ಹರವಿದರು. ಆಮೇಲೆ ಮೊದಲ ಬಾರಿಗೆ ನೇರವಾಗಿ ನನ್ನತ್ತ ತಿರುಗಿದರು.

"ಅಳಿಯಂದ್ರೇ, ಬಾಳ ಚೆನ್ನಾಗೈತೆ."

ನಾನು ವಿನಯದಿಂದ ತಲೆ ತಗ್ಗಿಸಿದೆ.

"ಅದಕ್ಕೇ ನಾಳೆ ಟೆಂಪೋ ತರಾಕೆ ನಿಮ್ಮ ಮಾವನೋರಿಗೆ ಹೇಳಿ ಕಳಿಸೀನಿ. ಇದನ್ನ ಬಿಳಿಚೋಡಿನ ನಮ್ಮ ಕೋಣ್ಯಾಗೆ ಕಿಟಕಿ ಪಕ್ಕ ಇಟ್ಟು ಕೊಳವೆ ಹೊರಗೆ ಬಿಟ್ರೆ ಆತು. ಇನ್ನ ಅಲ್ಲೂ ಹೊಗೆ ಇರಲ್ಲ. ನೀವು ಬ್ಯಾಡ ಅಂದಿದ್ದು ಅದೊಂದಕ್ಕೇ ಅಲ್ಲೇನು?"

ಗಿರಿಜ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಏನಾದರೂ ಹೇಳಬೇಕಿತ್ತು, ಹೇಳಿದೆ: "ಕೊಳವೆ ಹೊರಗಡೆ ಸ್ವಲ್ಪ ಮೇಲ್ಮುಖವಾಗಿರಲಿ."

ಗಿರಿಜ, ಮಗು, ಒಲೆ ಎಲ್ಲವನ್ನೂ ಹೊತ್ತು ಟೆಂಪೋ ಹೋದ ಮೇಲೆ, ಕಲ್ಲು ಸರಿಸಿದ್ದ ಹೊಗೆಗೂಡಿನಿಂದ ತುಂಗಭದ್ರೆಯ ಚಳಿಗಾಳಿಯೆಲ್ಲ ನೇರವಾಗಿ ನನ್ನ ಮಂಚಕ್ಕೆ ಇಳಿಯತೊಡಗಿತು. ಗೂಡಿಗೆ ಉಪ್ಪಿನಕಾಯಿ ಜಾಡಿಯನ್ನು ಮರಳಿ ಅಡ್ಡ ಇಟ್ಟರೂ ನಿಲ್ಲಲಿಲ್ಲ. "ಭಾನುವಾರ ಬಿಳಿಚೋಡಿಗೆ ಬಂದು ಸಂಜೆ ಬಸ್ಸಿಗೆ ಓಡ್ತಿದ್ರಿ. ಅದ್ಯಾವಾಗ ಒಲೆ ಮುಂದೆ ಕೂತಿದ್ರಿ? 'ಇಲ್ಲೇ ಇರ್ಲಿ ಬಿಡ್ರಿ' ಅಂತ ಒಂದ್ ಮಾತಂದಿದ್ರೆ ಅವ್ವ ಹೊನ್ನಾಳ್ಯಾಗೇ ಉಳೀತಿದ್ಲು" ಎಂದು ಗಿರಿಜ ಇಂದಿಗೂ ಅನ್ನುತ್ತಾಳೆ. ಹಾಗಾದರೆ ನನ್ನ ಬೆಚ್ಚಗಿನ ಚಳಿಗಾಲ ಎಲ್ಲಿಯದು? ಪ್ರೊಫೆಸರರ ಮನೆಯದೋ, ಕ್ಯಾಲೆಂಡರಿನದೋ? ಗೊತ್ತಿಲ್ಲ. ಒಂದು ಮಾತ್ರ ಅನುಮಾನವಿಲ್ಲದೆ ನೆನಪಿದೆ: ಎರಡೂ ಕಡೆ ಹಿಡಿ ಇರಲಿ ಎಂದವನು ನಾನೇ. ಟೆಂಪೋಗೆ ಎತ್ತುವಾಗ ಅದರಲ್ಲೊಂದನ್ನು ಹಿಡಿದಿದ್ದವನೂ ನಾನೇ.