ಮುಳ್ಳಕ್ಷರದ ಅಂಗಡಿ

ಮುಂಡರಗಿ ಬಸ್ ನಿಲ್ದಾಣದ ಹತ್ತಿರ ಗಾಡಿಗಳಿಗೆ ಹೆಸರು ಕತ್ತರಿಸಿ ಅಂಟಿಸುವ ಸ್ಟಿಕರ್ ಅಂಗಡಿ ಇಟ್ಟ ನಾನು ನಗಲು ಬೇರೆ ಕಡೆ ಹೋಗಬೇಕಾಗಿಲ್ಲ. ಅದರಲ್ಲೂ ಹಳೇಕಾಲದ ಆ ಇಂಗ್ಲಿಷ್ ಅಕ್ಷರವಿದೆಯಲ್ಲ, ದಪ್ಪ ಕಡ್ಡಿಗಳಿಗೆ ಮೇಲೂ ಕೆಳಗೂ ಮುಳ್ಳು ಮೂಡಿದಂಥದ್ದು, ಅದನ್ನು ನನ್ನಷ್ಟು ಚೆಂದ ಕತ್ತರಿಸುವವರು ಈ ಸುತ್ತಮುತ್ತ ಇಲ್ಲ. ಇದನ್ನು ಒಪ್ಪದವರು ಒಬ್ಬರೇ, ಬೆಟಗೇರಿಯಲ್ಲಿ ಸೀರೆ ನೇಯುವ ನನ್ನ ಮಾವ. "ಅಂಟಿಸೋದೂ ಒಂದು ಕಸಬೇನ್ರಿ?" ಎನ್ನುತ್ತಾರೆ. ಅವರ ಬಾಯಿಂದ ಒಂದು ಶಹಬಾಸ್ ಕೇಳಬೇಕೆಂಬುದು ಮದುವೆಯಾದಾಗಿನಿಂದ ನನ್ನ ಆಸೆ.

ಟ್ರ್ಯಾಕ್ಟರಿನ ಮೇಲೆ

ಸಿಂಗಟಾಲೂರಿನ ರೈತನೊಬ್ಬ ಹೊಸ ಟ್ರ್ಯಾಕ್ಟರಿಗೆ ಅಪ್ಪನ ಹೆಸರನ್ನು ಇದೇ ಅಕ್ಷರದಲ್ಲಿ ಹಚ್ಚಿಸಿದ. ಮರುದಿನ ಆ ಅಪ್ಪನೇ ಬಂದರು.

"ಏನ್ ಬರದೀರಿ ಇದು?"

"ನಿಮ್ಮ ಹೆಸರ್ರಿ, ಯಜಮಾನ್ರ."

"ನಾನಂತೂ ಸಾಲಿ ಕಲಿತಾಂವಲ್ಲ, ಓದಾಕ ಬರಂಗಿಲ್ಲ. ಮಾಸ್ತರಿಗೆ ತೋರಿಸಿದೆ, ಅವರಿಗೂ ಬರಲಿಲ್ಲ."

ತೆಗೆಸಲು ಬಂದಿದ್ದಾರೆಂದು ನಾನು ಬ್ಲೇಡು ಕೈಗೆತ್ತಿಕೊಂಡೆ.

"ತಡೀರಿ. ಹಿಂದ ಟ್ರೇಲರಿಗೂ ಹಚ್ರಿ. ನಾನೂ ಮಾಸ್ತರೂ ಸರಿಸಮ ಆಗಿದ್ದು ಇದ ಮೊದಲು."

ದಂಡ

ಲಕ್ಷ್ಮೇಶ್ವರದ ಗಿರಾಕಿಯೊಬ್ಬ ಬೈಕಿನ ನಂಬರೂ ಹೀಗೇ ಬೇಕೆಂದು ಹಟ ಹಿಡಿದ. ಬೇಡವೆಂದರೂ ಕೇಳಲಿಲ್ಲ. ವಾರ ತುಂಬುವುದರೊಳಗೆ ಪೊಲೀಸರು ತಡೆದರು. ದಂಡ ಬರೆಯಹೋದರೆ ನಂಬರು ಓದಲು ಬಾರದು.

"ನೀನ ಹೇಳಪಾ."

"ಹೊಸಾ ಗಾಡಿ, ನೆನಪಿಲ್ರಿ ಸಾಹೇಬ್ರ. ಬರದಾವ್ರನ್ನ ಕೇಳ್ರಿ."

ಫೋಟೊ ನನ್ನ ಮೊಬೈಲಿಗೆ ಬಂತು, ಹಿಂದೆಯೇ ಸಾಹೇಬರ ಫೋನೂ ಬಂತು. ಅಂದಕ್ಕೆಂದು ಮುಳ್ಳು ಹೆಚ್ಚೇ ಹಾಕಿದ್ದೆ, ನನಗೂ ತಿಳಿಯಲಿಲ್ಲ. "ಅಕ್ಷರ ಮಾತ್ರ ಭಾಳ ಚಲೋ ಬಂದಾವ್ರಿ" ಎಂದೆ. ಸಾಹೇಬರು ಸುಸ್ತಾಗಿ ಅವನನ್ನು ಬಿಟ್ಟುಬಿಟ್ಟರು.

"ಹೋಗು, ಮೊದಲ ಓದಾಕ ಬರೋ ನಂಬರ್ ಹಚ್ಚಿಸ್ಕೊಂಡು ಬಾ. ಆಮ್ಯಾಲೆ ದಂಡ ಹಾಕ್ತೀನಿ."

ಮಾವನ ನಕ್ಷೆ

ಡಾಕ್ಟರೊಬ್ಬರು ತಮ್ಮ ಗೇಟಿಗೆ ಮುಳ್ಳಕ್ಷರದಲ್ಲಿ 'ನೋ ಪಾರ್ಕಿಂಗ್' ಬೇಕೆಂದಿದ್ದರು. ಅದನ್ನೇ ಸಾಲುಸಾಲಾಗಿ ಅಚ್ಚು ಹಾಕಿ ನೋಡಿದ ಹಾಳೆಯಲ್ಲಿ ನನ್ನ ಹೆಂಡತಿ ಶೇಂಗಾ ಹೋಳಿಗೆ ಸುತ್ತಿ ತವರಿಗೆ ಕಳಿಸಿದಳು. ಮಾವನಿಗೆ ಇಂಗ್ಲಿಷ್ ಬಾರದು. ಅವರ ಕಣ್ಣಿಗೆ ಬಿದ್ದದ್ದು ಚೂಪುಚೂಪಾದ ಹೊಸ ನಕ್ಷೆ. ಹೋಳಿಗೆ ತಿಂದು, ಹಾಳೆ ಎತ್ತಿಟ್ಟುಕೊಂಡು, ಸೀರೆಯ ಅಂಚಿನ ದಡಿಗೆ ನೇಯ್ದೇಬಿಟ್ಟರು.

ನಾಗರಪಂಚಮಿಗೆ ನಾವಿಬ್ಬರೂ ಬೆಟಗೇರಿಗೆ ಹೋದಾಗ ಮಾವ ಮಗಳಿಗೆ ಅದೇ ಸೀರೆ ಉಡಿಸಿ ಉಡಿ ತುಂಬಿಸಿದರು. ಬೀಗರೆಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು.

"ಅಳ್ಯಾರ, ಇಂಥಾ ನಕ್ಷಿ ನಮ್ಮ ಓಣ್ಯಾಗ ಯಾರೂ ತಗದಿಲ್ಲ. ನಿಮ್ಮದು ಖರೇನ ಕಸಬು. ಶಹಬಾಸ್!"

ನನ್ನ ಎದೆ ಉಬ್ಬಿತು. ಆಮೇಲೆ ದಡಿ ನೋಡಿದೆ, ಉದ್ದಕ್ಕೂ 'ನೋ ಪಾರ್ಕಿಂಗ್, ನೋ ಪಾರ್ಕಿಂಗ್'. ಹೇಳಿದರೆ ಸಿಕ್ಕ ಶಹಬಾಸ್ ಹೋಗುತ್ತದೆ, ಹೇಳದಿದ್ದರೆ ಹೆಂಡತಿ ಹೀಗೇ ಊರೆಲ್ಲ ತಿರುಗುತ್ತಾಳೆ. ಮೆಲ್ಲಗೆ ಅವಳ ಪಕ್ಕ ಕುಳಿತು, "ದಡಿ ನೋಡಿದಿ?" ಎಂದೆ.

"ಉಡೂವಾಗನ ಓದೇನಿ. ಅಪ್ಪಗ ಹೇಳಬ್ಯಾಡ್ರಿ, ಭಾಳ ಖುಷಿ ಆಗ್ಯಾರ."

ಜೀವಕ್ಕೆ ಹಾಯೆನಿಸಿತು. ಆ ಖುಷಿಯಲ್ಲಿ ಇನ್ನಷ್ಟು ಒತ್ತಿ ಕುಳಿತೆ. ಅವಳು ದಡಿಯನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

"ನಿಮಗೂ ಓದಾಕ ಬರತೈತಲ್ಲ? ಅಲ್ಲೆ ದೂರ ಸರದು ಕುಂಡ್ರಿ."