ದೊರೆಗಳ ಕಡತ, ನನ್ನ ಇಂಗ್ಲಿಷು

ಹಳೇ ಕಡತಗಳ ನಡುವೆ ಕೂತವನ ಮರ್ಯಾದೆ ಆಗಾಗ ಹೋಗ್ತಾನೇ ಇರುತ್ತೆ. ಐವತ್ತರ ದಶಕದಲ್ಲಿ ರಾಜಾಜಿನಗರದಿಂದ ಸೈಕಲ್ ತುಳಿದು ಒಂದು ಕಚೇರಿಗೆ ಹೋಗ್ತಿದ್ದೆ. ಬಿಳಿ ದೊರೆಗಳ ಕಾಲದ ಊರೂರಿನ ದಾಖಲೆಗಳಿಗೆ ನಾನೇ ಗುಮಾಸ್ತ. ನನ್ನ ಇಂಗ್ಲಿಷು ಅರ್ಧಂಬರ್ಧ. ಅದನ್ನ ಯಾರಿಗೂ ಹೇಳಿರಲಿಲ್ಲ.

ಒಡೆದ ಟ್ಯಾಂಕು

ಕೆಂಗೇರಿ ಕಡೆಯ ಮೇಷ್ಟ್ರೊಬ್ಬರು ತಮ್ಮೂರಿನ ಇತಿಹಾಸ ಕೇಳಿಕೊಂಡು ಬಂದರು. ಕಡತ ನೋಡಿ ಹೇಳಿದೆ: “ನಿಮ್ಮೂರಲ್ಲಿ ಟ್ಯಾಂಕು ಒಡೆದಿತ್ತಂತೆ ಸಾರ್. ದೊಡ್ಡ ಯುದ್ಧವೇ ಆಗಿರ್ಬೇಕು!”

ಮೇಷ್ಟ್ರು ಅದನ್ನೇ ಪಾಠ ಮಾಡಿದರು. ತಿಂಗಳಾದ ಮೇಲೆ ಮತ್ತೆ ಬಂದರು.

“ಸ್ಕೂಲ್ ಇನ್‌ಸ್ಪೆಕ್ಟರ್ ಬಂದಿದ್ರು ಕಣ್ರಿ. ಇಂಗ್ಲಿಷಲ್ಲಿ ಕೆರೆಗೂ ಟ್ಯಾಂಕ್ ಅಂತಾರಂತೆ. ನನ್ನ ಹುಡುಗರು ಇನ್ನೂ ಊರಾಚೆ ಫಿರಂಗಿ ಗುಂಡು ಹುಡುಕ್ತಾ ಇದಾರೆ!”

ಚಿತ್ರಾನ್ನದ ತೋಪು

ಒಂದು ಮಧ್ಯಾಹ್ನ ಹಳೇ ನಕ್ಷೆಯ ಮೇಲೇ ಊಟದ ಡಬ್ಬಿ ಬಿಚ್ಚಿದೆ. ಚಿತ್ರಾನ್ನದ ಎಣ್ಣೆ ಇಳಿದು ಅಂಗೈಯಗಲ ಕಲೆಯಾಯಿತು. ಮೆಲ್ಲಗೆ ಮಡಚಿಟ್ಟೆ. ಹೊಸ ಬಡಾವಣೆಗೆ ಅಂತ ಸರ್ವೆಯವರು ಆ ನಕ್ಷೆ ಒಯ್ದರು. ಆ ಕಲೆಯನ್ನೂ ಮರಗಳ ಗುರುತು ಅಂದುಕೊಂಡು ನಕಲು ಮಾಡಿ ‘ಹಳೇ ತೋಪು’ ಅಂತ ಬರೆದರು. ನಿಜ ಹೇಳೋಣ ಅಂದುಕೊಂಡೆ, ಬಾಯಿ ಬರಲಿಲ್ಲ. ಅವರು ಜಾಗ ನೋಡಲು ಹೋದಾಗ ಊರಿನ ತಾತ ಒಬ್ಬರು ಸಾಕ್ಷಿಯನ್ನೂ ಹೇಳಿದರಂತೆ:

“ಹೌದು ಸ್ವಾಮಿ, ಚಿಕ್ಕೋನಾಗಿದ್ದಾಗ ಆ ತೋಪಲ್ಲೇ ಮರಕೋತಿ ಆಡ್ತಿದ್ದೆ!”

ಮೊದಲನೇ ಹೆಸರು

ಇದನ್ನ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತೆ. ಮೂಡಲಪಾಳ್ಯದ ಗೌಡರೊಬ್ಬರು ತಮ್ಮ ಮುತ್ತಾತನ ಹೆಸರು ಹುಡುಕಿಕೊಡಿ ಅಂತ ಬಂದರು. ಒಂದು ಪಟ್ಟಿಯಲ್ಲಿ ಮೊದಲನೇದೇ ಆ ಹೆಸರು! ತಲೆಬರಹ ನನಗೆ ಅರ್ಥವಾಗಲಿಲ್ಲ.

“ಊರಿಗೇ ಮುಖ್ಯಸ್ಥರು ಗೌಡ್ರೇ,” ಅಂದುಬಿಟ್ಟೆ. ಅಕ್ಷರ ನೋಡಿಕೊಂಡು ತಲೆಬರಹ ಸಮೇತ ನಕಲೂ ಬರೆದುಕೊಟ್ಟೆ.

ಗೌಡರು ಅದಕ್ಕೆ ಕಟ್ಟು ಹಾಕಿಸಿ, ಹಾರ ಹಾಕಿ, ನೆಂಟರಿಗೆಲ್ಲ ಒಬ್ಬಟ್ಟಿನ ಊಟ ಹಾಕಿದರು. ನನಗೆ ಶಾಲು ಹೊದಿಸಿದರು. ಅಷ್ಟರಲ್ಲಿ ನೆಂಟರ ಪೈಕಿ ವಕೀಲರೊಬ್ಬರು ಕನ್ನಡಕ ಏರಿಸಿ ಓದಿದರು.

“ರೀ ಗುಮಾಸ್ತರೇ, ಮೇಲೆ ಏನಿದೆ ನೋಡಿದ್ರಾ? ದೊರೆಯ ಕುದುರೆ ಕದ್ದು ಸಿಕ್ಕಿಬಿದ್ದೋರು ಅಂತಿದೆ!”

ಶಾಲು ಮೈಮೇಲೆ ಕೆಂಡದ ಹಾಗಾಯಿತು. “ತಪ್ಪಾಯ್ತು ಗೌಡ್ರೇ, ನಂಗೆ ಓದೋಕೆ ಬರಲಿಲ್ಲ,” ಅಂದೆ. ಗೌಡರು ಹಾರ ತೆಗೆಯೋಕೆ ಎದ್ದರು.

ಮೂಲೆಯಲ್ಲಿ ಕೂತಿದ್ದ ಅವರ ಅಜ್ಜಿ ಕಿವಿಗೆ ಕೈ ಹಿಡಿದು ಕೇಳಿದರು: “ಏನಂದ್ರಿ? ದೊರೆ ಕುದುರೇನಾ?”

“ಹೌದಜ್ಜಿ,” ಅಂದರು ವಕೀಲರು.

ಅಜ್ಜಿಯ ಮುಖ ಅರಳಿತು.

“ನಮ್ಮತ್ತೆ ಬರೀ ಕೋಳಿ ಅಂತ ಹೇಳಿದ್ರಲ್ಲಪ್ಪಾ!”